ಸೋರುವ ಪರದೆ

ಮುಳಗುಂದದವರ ಮನೆಯ ಪಡಸಾಲೆಯ ಗೋಡೆಗೆ ನಾಲ್ಕು ರಟ್ಟುಗಳನ್ನು ಅಂಟಿಸಿ ಹನ್ನೊಂದು ದಿನವಾಗಿತ್ತು. ಒಂದು ಇಪ್ಪತ್ನಾಲ್ಕು ಇಂಚಿನದು, ಒಂದು ಇಪ್ಪತ್ತೇಳರದು, ಒಂದು ಮೂವತ್ತೆರಡರದು. ಕಡೆಯದು ಬಾಗಿಲಿಗಿಂತ ಅಗಲವಾದ ನಲವತ್ತೊಂಬತ್ತರದು. ಮನೆಗೆ ಬಂದವರೆಲ್ಲ "ಇದೇನ್ರಿ, ಗೋಡಿಗೆ ತ್ಯಾಪಿ ಹಚ್ಚೀರಿ?" ಎಂದು ಕೇಳಿ ಹೋಗುತ್ತಿದ್ದರು.

ರಟ್ಟು ಕತ್ತರಿಸಿದವನು ಗುರುಪಾದ. ಧಾರವಾಡದ ಪ್ರೆಸ್ಸೊಂದಕ್ಕೆ ಮನೆಯಲ್ಲೇ ಕುಳಿತು ಮದುವೆ ಕಾರ್ಡುಗಳ ವಿನ್ಯಾಸ ಮಾಡಿಕೊಡುವವನು. ಅವನ ಕಸುಬಿನಲ್ಲಿ ಮೊದಲು ರಟ್ಟಿನಲ್ಲಿ ಕತ್ತರಿಸಿ, ಕೈಯಲ್ಲಿ ಹಿಡಿದು, ದೂರ ಇಟ್ಟು ನೋಡದೆ ಯಾವುದೂ ಯಂತ್ರಕ್ಕೆ ಹೋಗುವಂತಿಲ್ಲ. ಮನೆಗೆ ಕೊಳ್ಳಬೇಕಾದ ಮಾನಿಟರಿಗೂ ಅದೇ ನಿಯಮ ಎಂದು ಅವನು ಹಟ ಹಿಡಿದಿದ್ದ. ಅಂಗಡಿಯಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ, ಮನೆಗೆ ತಂದ ಮೇಲೆ ಗೋಡೆ ಸಾಲುವುದಿಲ್ಲ. ಆದ್ದರಿಂದ ಹದಿನೈದು ದಿನ ರಟ್ಟಿನ ಜೊತೆ ಬಾಳ್ವೆ ಮಾಡಿ, ಆಮೇಲೆ ಆರಿಸೋಣ ಎಂಬುದು ಅವನ ವಾದ.

ದೊಡ್ಡ ಮಾನಿಟರಿಲ್ಲದೆ ಈ ಮನೆ ನಡೆಯುವುದಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ಇದ್ದದ್ದು ಹತ್ತೊಂಬತ್ತು ಇಂಚಿನ ಹಳೆಯ ಪೆಟ್ಟಿಗೆ. ಅದರಲ್ಲಿ ಕಾರ್ಡಿನ ಒಂದು ಪುಟ ಕಂಡರೆ ಇನ್ನೊಂದು ಕಾಣುತ್ತಿರಲಿಲ್ಲ. ಅದರಿಂದಲೇ ಹೋದ ವೈಶಾಖದಲ್ಲಿ ಗುರುಪಾದ ಒಂದೇ ಮುಹೂರ್ತದ ಎರಡು ಮದುವೆಗಳ ಕಲ್ಯಾಣಮಂಟಪಗಳನ್ನು ಅದಲು ಬದಲು ಮಾಡಿ ಅಚ್ಚಿಗೆ ಕಳಿಸಿದ್ದ. ಎರಡೂ ಕಡೆಯ ನೆಂಟರು ಬೇರೆಯವರ ಮದುವೆಗೆ ಹೋಗಿ ಅಕ್ಷತೆ ಹಾಕಿ ಊಟಕ್ಕೆ ಕುಳಿತರು. ಗೋಧಿ ಹುಗ್ಗಿ ಎರಡನೆಯ ಸಲ ಬಡಿಸುವವರೆಗೂ ಯಾರಿಗೂ ಅನುಮಾನ ಬರಲಿಲ್ಲ.

ಮಗಳು ಇಂಚರ ಎಂಟನೆಯ ತರಗತಿ. 'ಏಳು ಕೋಟೆ' ಎಂಬ ಆಟದಲ್ಲಿ ಅವಳ ಶಾಲೆಯ ಐದು ಹುಡುಗಿಯರ ದಂಡಿಗೆ ಇವಳೇ ದಂಡನಾಯಕಿ. "ಸಣ್ಣ ಪರದೆದಾಗ ವೈರಿ ಸಾಸಿವಿ ಕಾಳಿನಂಗ ಕಾಣ್ತಾನ. ನಾ ಗುರುತು ಹಿಡಿಯೂದ್ರಾಗ ಕ್ವಾಟಿ ಹೋಗಿರ್ತೈತಿ" ಎಂಬುದು ಅವಳ ದೂರು. ಅವಳ ಕಣ್ಣು ನಲವತ್ತೊಂಬತ್ತರ ರಟ್ಟಿನ ಮೇಲೆ.

ಗುರುಪಾದನ ತಾಯಿ ನೀಲವ್ವ ಕೂಡ ಆಟಗಾರ್ತಿಯೇ. ದಿನಾ ಸಂಜೆ ಬಾಗಲಕೋಟೆಯ ತಂಗಿ ಶಾಂತವ್ವನ ಜೊತೆ ಕಂಪ್ಯೂಟರಿನಲ್ಲಿ ಚೌಕಾಬಾರ ಆಡುವುದು ಅವರ ವ್ರತ. ಪರದೆಯ ಕವಡೆಗಳು ತಂಗಿಯ ಕಡೆಯವು ಎಂಬ ಗುಮಾನಿ ಅವರಿಗೆ ಮೊದಲಿನಿಂದಲೂ ಇತ್ತು. ಅವರು ಟೇಪು ಹಿಡಿದು ಮೂವತ್ತೆರಡರ ರಟ್ಟನ್ನು ಅಳೆದು, "ಗುರು, ಇದು ಇಪ್ಪತ್ತೆಂಟ ಐತಿ. ಯಾರಿಗೆ ಟೊಪ್ಪಿಗಿ ಹಾಕಾಕತ್ತಿ?" ಎಂದು ಮಗನನ್ನು ಹಿಡಿದುಕೊಂಡರು. ಮೂಲೆಯಿಂದ ಮೂಲೆಗೆ ಅಳೆಯುವುದು ಕಂಪನಿಯವರ ಪದ್ಧತಿ ಎಂದು ಅವನು ಎಷ್ಟು ಹೇಳಿದರೂ ನೀಲವ್ವ ನಂಬಲಿಲ್ಲ. "ಸೀರಿ ಯಾರಾದ್ರೂ ಮೂಲಿಯಿಂದ ಮೂಲಿಗೆ ಅಳೀತಾರೇನು?" ಎಂದರು.

ಈ ಗದ್ದಲದಲ್ಲಿ ಬಾಯಿ ಬಿಡದೆ ಕುಳಿತವಳು ಸೊಸೆ ಶಶಿಕಲಾ ಒಬ್ಬಳೇ. ತಮಾಷೆಯೆಂದರೆ, ಆ ಮನೆಯಲ್ಲಿ ಮಾನಿಟರಿನ ಬಗ್ಗೆ ಬಲ್ಲವಳು ಅವಳೇ. 'ಬೆಳಕಿಂಡಿ' ಎಂಬ ಪ್ರಯೋಗಾಲಯದಲ್ಲಿ ನಾಲ್ಕು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸವೇ ಪರದೆ ತಯಾರಿಸುವುದು. ದೀಪದ ಬುಡದಲ್ಲಿ ಕತ್ತಲೆ ಎಂದು ಗುರುಪಾದ ಆಗಾಗ ಚುಚ್ಚುತ್ತಿದ್ದ. ಅವಳು ಮಾತ್ರ "ಇನ್ನೊಂದೀಟ ತಡೀರಿ" ಎನ್ನುತ್ತಿದ್ದಳು.

ಅವಳು ತಡೆಯಲು ಹೇಳುತ್ತಿದ್ದದ್ದಕ್ಕೆ ಕಾರಣ ಪ್ರಯೋಗಾಲಯದ ಮೂರನೆಯ ಕೋಣೆಯಲ್ಲಿತ್ತು.

ಅಲ್ಲಿ ಒಂದು ಅಗಲವಾದ ಪರದೆ. ಅದರೆದುರು ಸಾಲಾಗಿ ನಾಲ್ಕು ಕಂಬ. ಕಂಬಗಳ ಮೇಲೆ ಸೀರೆ ಅಂಗಡಿಯಿಂದ ತಂದ ಗೊಂಬೆಗಳ ನಾಲ್ಕು ತಲೆ, ಕಣ್ಣಿನ ಜಾಗದಲ್ಲಿ ಕ್ಯಾಮೆರಾ. ಒಂದು ತಲೆಗೆ ಹಣೆಯ ಕುಂಕುಮ ಇನ್ನೂ ಹಾಗೇ ಇತ್ತು. ತಂತ್ರಜ್ಞ ಅಲ್ತಾಫ್ ಅದಕ್ಕೆ ಪದ್ಮಾವತಿ ಎಂದು ಹೆಸರಿಟ್ಟಿದ್ದ. ಪದ್ಮಾವತಿಗೆ ಕ್ರಿಕೆಟ್ ಕಾಣುತ್ತಿದ್ದರೆ ಪಕ್ಕದ ತಲೆಗೆ ಅಡುಗೆಯ ಪಾಠ ಕಾಣುತ್ತಿತ್ತು, ಅದರಾಚೆಯದಕ್ಕೆ ಲೆಕ್ಕದ ಪುಸ್ತಕ, ಕಡೆಯದಕ್ಕೆ ಸುದ್ದಿ. ಪರದೆ ಒಂದೇ; ನೋಟ ನಾಲ್ಕು.

ಇದರ ಗುಟ್ಟು ಹೊಸದೇನಲ್ಲ. ಎಡದಿಂದ ನೋಡಿದರೆ ಲಕ್ಷ್ಮಿ, ಬಲದಿಂದ ನೋಡಿದರೆ ಸರಸ್ವತಿ ಕಾಣುವ ಗೀರುಗೀರಾದ ಪ್ಲಾಸ್ಟಿಕ್ ಚಿತ್ರಗಳನ್ನು ಯಾರು ನೋಡಿಲ್ಲ? ಅಂಥವೇ ನಿಂತ ಗೀರುಗಳು, ಆದರೆ ಕೂದಲೆಳೆಗಿಂತ ಸಣ್ಣವು, ಪರದೆಯ ಮೈತುಂಬ. ಪ್ರತಿ ಗೀರೂ ತನ್ನ ಹಿಂದಿನ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಹಂಚುತ್ತದೆ. ಪರದೆಯ ಮೇಲ್ತುದಿಯ ಸಣ್ಣ ಕ್ಯಾಮೆರಾ ಮುಖಗಳನ್ನು ಗುರುತಿಟ್ಟುಕೊಂಡು, ಯಾರು ಎತ್ತ ಸರಿದರೆ ಅತ್ತ ಅವರವರ ಚಿತ್ರವನ್ನು ಒಯ್ಯುತ್ತದೆ. ಶಬ್ದವೂ ಹಾಗೆಯೇ, ಒಬ್ಬೊಬ್ಬರ ಕಿವಿಗೆ ನೇರವಾಗಿ ಹೋಗುತ್ತದೆ. ಒಂದು ಮನೆಗೆ ಒಂದೇ ದೊಡ್ಡ ಮಾನಿಟರು ಸಾಕು, ಆಟಕ್ಕೂ ನಿತ್ಯದ ಕೆಲಸಕ್ಕೂ, ಜಗಳವಿಲ್ಲ, ಪಾಳಿಯಿಲ್ಲ. ಶಶಿಕಲಾಳ ನಾಲ್ಕು ವರ್ಷದ ಕನಸು ಅದು.

ಕನಸಿಗೊಂದು ತೂತಿತ್ತು. ಇಬ್ಬರ ನಡುವಿನ ಗೇಣಗಲದ ಜಾಗದಲ್ಲಿ ಎರಡು ಚಿತ್ರಗಳೂ ಬೆರೆತು ಕಾಣುತ್ತಿದ್ದವು. ಇದಕ್ಕೆ ಅವರು ಸೋರಿಕೆ ಎನ್ನುತ್ತಿದ್ದರು. ನೂರಕ್ಕೆ ಹತ್ತಿದ್ದ ಸೋರಿಕೆಯನ್ನು ಶಶಿಕಲಾ ಒದ್ದಾಡಿ ಒದ್ದಾಡಿ ಎರಡಕ್ಕೆ ಇಳಿಸಿದ್ದಳು.

ಆವತ್ತು ನಿರ್ದೇಶಕಿ ಡಾ. ಮೇಧಾ ಹಂಪಿಹೊಳಿ ಕೋಣೆಗೆ ಬಂದು ಪದ್ಮಾವತಿಯ ಪಕ್ಕದಲ್ಲೇ ನಿಂತರು. ನಗದೆ ನಿಲ್ಲುವುದರಲ್ಲಿ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಶಶಿಕಲಾ, ಇಪ್ಪತ್ನಾಲ್ಕಕ್ಕ ಆಯ್ಕೆ ಸಮಿತಿ ಬರ್ತದ. ಪರದೆ, ಕನ್ನಡಕ, ಎರಡರಾಗ ಒಂದನ್ನ ಇಟ್ಕೋತಾರ. ಕನ್ನಡಕದವ್ರ ಸೋರಿಕೆ ಸೊನ್ನಿ."

ಕನ್ನಡಕದವರೆಂದರೆ ಎರಡನೆಯ ಕೋಣೆಯ ತಂಡ. ಮನೆಯ ಪ್ರತಿಯೊಬ್ಬರ ಕಣ್ಣಿಗೂ ಒಂದೊಂದು ಮುಚ್ಚಿದ ಕನ್ನಡಕ ಕಟ್ಟಿ, ಅದರೊಳಗೇ ಅವರವರ ಪರದೆ ತೋರಿಸುವುದು ಅವರ ಯೋಜನೆ. ಕಣ್ಣಿಗೆ ಕಟ್ಟಿದ ಮೇಲೆ ಸೋರುವುದೆಲ್ಲಿಂದ?

"ನಂದು ಎರಡಕ್ಕ ಬಂದೈತ್ರಿ ಮೇಡಂ."

"ಗೊಂಬಿ ಮುಂದ ಬಂದದ. ಮಂದಿ ಮುಂದ ಎಷ್ಟು ಬರ್ತದ ನೋಡೂಣು. ಹದಿನೈದು ದಿನ ನಿಮ್ಮ ಮನೀಗೇ ಒಯ್ರಿ."

ಹೀಗೆ ಮೂರನೆಯ ಕೋಣೆಯದರಂಥದೇ ನಲವತ್ತೊಂಬತ್ತು ಇಂಚಿನ ಇನ್ನೊಂದು ಪರದೆ ಮುಳಗುಂದದವರ ಮನೆಗೆ ಬಂತು. ರಟ್ಟಿನ ಪಕ್ಕದಲ್ಲೇ ಅದನ್ನು ನಿಲ್ಲಿಸಿದಾಗ ಇಂಚರ ಕುಣಿದಾಡಿಬಿಟ್ಟಳು. ಗುರುಪಾದ ರಟ್ಟಿಗೂ ಪರದೆಗೂ ಕೂದಲೆಳೆಯ ವ್ಯತ್ಯಾಸವಿಲ್ಲವೆಂದು ಎಲ್ಲರಿಗೂ ತೋರಿಸಿದ.

ಮೊದಲ ಸಂಜೆ ಹಬ್ಬದಂತೆ ಕಳೆಯಿತು. ಗುರುಪಾದನಿಗೆ ಕಾರ್ಡಿನ ನಾಲ್ಕೂ ಪುಟ ಒಟ್ಟಿಗೆ ಹರಡಿಕೊಂಡವು. ಅವನು "ಆಹಾ" ಎಂದು ಎರಡು ನಿಮಿಷ ಸುಮ್ಮನೆ ನೋಡುತ್ತ ಕುಳಿತ. ಇಂಚರಳಿಗೆ ಕೋಟೆಯ ಬುರುಜಿನ ಮೇಲಿನ ವೈರಿಯ ಮೀಸೆಯೂ ಕಂಡಿತು. ನೀಲವ್ವನ ಮುಂದೆ ತಂಗಿಯ ಮುಖ ನಿಜವಾದ ಮುಖದಷ್ಟೇ ದೊಡ್ಡದಾಗಿ ಮೂಡಿದಾಗ ಅವರು ಸೆರಗು ಸರಿಮಾಡಿಕೊಂಡು, "ಶಾಂತಾ, ಯಾಕ ಇಷ್ಟ ಇಳದೀ? ಉಣ್ಣಾಕತ್ತಿಲ್ಲೇನು?" ಎಂದು ಮಾತು ಶುರು ಮಾಡಿದರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ, ಹಳೆಯ ಪೆಟ್ಟಿಗೆಯ ಮುಂದೆ ಯಾರು ಯಾವಾಗ ಕೂರಬೇಕೆಂಬ ಪಾಳಿಯ ಪಟ್ಟಿಯನ್ನು ಇಂಚರ ಹರಿದು ಎಸೆದಳು. ಶಶಿಕಲಾ ತನ್ನ ಜಾಗದಲ್ಲಿ ಕುಳಿತು, ತನಗೆ ಬೇಕಾದದ್ದನ್ನು ತೆರೆಯುವುದನ್ನೇ ಮರೆತು, ಮೂವರ ಮುಖಗಳನ್ನು ನೋಡಿದಳು. ನಾಲ್ಕು ವರ್ಷ ಸಾರ್ಥಕವಾಯಿತು ಅನಿಸಿ ಅವಳ ಕಣ್ಣು ತುಂಬಿದವು.

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಶಶಿಕಲಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ, ಪಡಸಾಲೆಯಿಂದ ಗುರುಪಾದ ಬಿದ್ದು ಬಿದ್ದು ನಗುವುದು ಕೇಳಿಸಿತು. ಬಂದು ನೋಡಿದರೆ ಅವನೊಬ್ಬನೇ ನಗುತ್ತಿದ್ದಾನೆ, ಪಕ್ಕದಲ್ಲಿ ಮಗಳು ಹಲ್ಲು ಕಚ್ಚಿ ಕುಳಿತಿದ್ದಾಳೆ, ಆ ಕಡೆ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

"ಯಾಕ್ರಿ ನಗ್ತೀರಿ?"

"ಏನಿಲ್ಲ ಬಿಡು, ಹೇಳಿದ್ರ ನಗು ಬರಂಗಿಲ್ಲ."

"ನಿಮಗೇನಾತ್ರಿ ಅತ್ತಿ?"

"ನಮ್ಮ ಶಾಂತಾ ಹಳೇ ಸುದ್ದಿ ತಗದಿದ್ಲು. ಇರಲಿ, ನಿನ್ನ ರೊಟ್ಟಿ ಹೊತ್ತೀತು ನೋಡು."

ಮೊದಲಾದರೆ ಇದೇ ಮನೆಯಲ್ಲಿ ಆ ಹತ್ತೊಂಬತ್ತು ಇಂಚಿನ ಪೆಟ್ಟಿಗೆಯ ಮುಂದೆ ನಾಲ್ವರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು, ಬೈದಾಡಿ, ಒಂದೇ ನಗುವನ್ನು ನಾಲ್ಕು ಬಾಯಲ್ಲಿ ನಗುತ್ತಿದ್ದರು. ಈಗ ಜಗಳವೂ ಇಲ್ಲ, ಆ ನಗುವೂ ಇಲ್ಲ. ಶಶಿಕಲಾಳಿಗೆ ಮನಸ್ಸಿನಲ್ಲಿ ಏನೋ ಕಸಿವಿಸಿಯಾಯಿತು. ಹೊಸದು, ರೂಢಿಯಾಗಬೇಕು ಎಂದು ತನಗೆ ತಾನೇ ಹೇಳಿಕೊಂಡು ಒಲೆಯ ಕಡೆ ಹೋದಳು.

ವಾರ ಕಳೆದ ಮೇಲೆ ಪರದೆಯೇ ಬರೆದಿಟ್ಟುಕೊಂಡ ದಿನಚರಿಯನ್ನು ಅಲ್ತಾಫ್ ಪ್ರಯೋಗಾಲಯದಲ್ಲಿ ತೆರೆದು, ತನ್ನ ಚಾಳೀಸು ಹಣೆಗೇರಿಸಿದ.

"ಅಕ್ಕಾರ, ಇಲ್ನೋಡ್ರಿ. ದಿನಾ ಸಂಜೀ ಐದೂವರಿಯಿಂದ ಆರೂ ಕಾಲರ ತನಕಾ ಸೋರಿಕೆ ನೂರಕ್ಕ ಇಪ್ಪತ್ತೆಂಟು!"

"ಇಪ್ಪತ್ತೆಂಟ? ಎರಡು ಇರಬೇಕ ಅದು!"

"ಉಳಿದ ಹೊತ್ತಿನಾಗ ಎರಡ ಐತ್ರಿ. ಅದೊಂದ ಹೊತ್ತಿನಾಗ ಎರಡು ತಲಿ ಕೂಡಿ ಒಂದ ತಲಿ ಆಗ್ತಾವು. ಪದ್ಮಾವತಿಗೆ ಒಂದ ದಿನಾನೂ ಹಿಂಗ ಆಗಿಲ್ಲ ನೋಡ್ರಿ."

ಶಶಿಕಲಾ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದಳು. ಇಪ್ಪತ್ನಾಲ್ಕನೆಯ ತಾರೀಖಿಗೆ ಉಳಿದದ್ದು ಎಂಟೇ ದಿನ. ಇಪ್ಪತ್ತೆಂಟನ್ನು ಕೇಳಿದರೆ ಸಮಿತಿಯವರು ಚಹಾ ಕುಡಿಯುವ ಮೊದಲೇ ಕನ್ನಡಕವನ್ನು ಆರಿಸಿಬಿಡುತ್ತಾರೆ. ಆಮೇಲೆ ಮೂರನೆಯ ಕೋಣೆಗೆ ಬೀಗ, ಅವಳನ್ನೂ ಅಲ್ತಾಫನನ್ನೂ ಕನ್ನಡಕದ ಪಟ್ಟಿ ಹೊಲಿಯಲು ಕಳಿಸುತ್ತಾರೆ. ಅವಳು ಆವತ್ತೇ ಬೇಗ ಹೊರಟಳು, ಜೊತೆಗೆ ಅಲ್ತಾಫನೂ ಅಳತೆಯ ಪೆಟ್ಟಿಗೆ ಹಿಡಿದು ಬಂದ.

ಐದೂವರೆಗೆ ಇಬ್ಬರೂ ಪಡಸಾಲೆಯ ಬಾಗಿಲಲ್ಲಿ ನಿಂತು ನೋಡಿದರು.

ಇಂಚರ ತನ್ನ ಜಾಗದಲ್ಲಿ, ನೆಲದ ಮೇಲೆ, ಕೋಟೆಯ ಕಾಳಗದಲ್ಲಿ ಮುಳುಗಿದ್ದಳು. ಅವಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ನೀಲವ್ವ ಕುಳಿತಿದ್ದರು. ಪಕ್ಕದಲ್ಲಿ ಎಣ್ಣೆಯ ಬಟ್ಟಲು, ಬಾಯಲ್ಲಿ ರಿಬ್ಬನ್ನು, ಕೈಯಲ್ಲಿ ಮೊಮ್ಮಗಳ ಕೂದಲು. ಹೆರಳು ಹಾಕುವ ಹೊತ್ತು ಅದು. ಇಂಚರ ಶಾಲೆಗೆ ಹೋಗಲು ಶುರುವಾದಾಗಿನಿಂದ ಆ ಹೊತ್ತು ಒಂದು ದಿನವೂ ತಪ್ಪಿರಲಿಲ್ಲ.

"ಎಡಕ್ಕ ಬಂದ, ಎಡಕ್ಕ! ಗ್ವಾಡಿ ಮಗ್ಗಲಾಗ ಅಡಗ್ಯಾನ ನೋಡು!" ನೀಲವ್ವ ರಿಬ್ಬನ್ನಿನ ಸಂದಿನಿಂದಲೇ ಕೂಗಿದರು.

"ಎಲ್ಲಿ ಅಜ್ಜಿ?"

"ಅಯ್ಯ, ನಿನ್ನ ಕಣ್ಣಾಗ ಏನ ಬಿದ್ದೈತಿ? ಆ ಮುರುಕು ಗ್ವಾಡಿ ಹಿಂದ! ಹೊಡಿ! ಹಾಂ, ಹಣ್ಣಾತು!"

ಚೌಕಾಬಾರದಲ್ಲಿ ಕಾಯಿ ನಡುಮನೆ ಸೇರಿದರೆ ಹಣ್ಣಾಯಿತು ಎನ್ನುತ್ತಾರೆ. ನೀಲವ್ವನ ಲೆಕ್ಕದಲ್ಲಿ ಕೋಟೆ ಗೆದ್ದರೂ ಹಣ್ಣೇ. ಐವತ್ತು ವರ್ಷ ನಾಲ್ಕೂ ಕಡೆಯ ಕಾಯಿಗಳ ಮೇಲೆ ಕಣ್ಣಿಟ್ಟು ಪಳಗಿದ ಆಟಗಾರ್ತಿಯಿಂದ ಮುರುಕು ಗೋಡೆಯ ಹಿಂದಿನ ವೈರಿ ಎಲ್ಲಿಗೆ ತಪ್ಪಿಸಿಕೊಂಡಾನು?

ಅಲ್ತಾಫ್ ಹಣೆ ಬಡಿದುಕೊಂಡ. ಪರದೆಯ ಗೀರುಗಳು ನಿಂತ ಗೀರುಗಳು. ಅವು ಬೆಳಕನ್ನು ಎಡಬಲಕ್ಕೆ ಹಂಚುತ್ತವೆಯೇ ಹೊರತು ಮೇಲೆ ಕೆಳಗೆ ಹಂಚುವುದಿಲ್ಲ. ಒಬ್ಬರ ಹಿಂದೊಬ್ಬರು, ತುಸು ಎತ್ತರದಲ್ಲಿ ಕುಳಿತರೆ ಇಬ್ಬರಿಗೂ ಒಂದೇ ಚಿತ್ರ. ಮುಂದಿನವರದು ಉಳಿಯುತ್ತದೆ, ಹಿಂದಿನವರದು ಅಳಿಯುತ್ತದೆ. ಪ್ರಯೋಗಾಲಯದ ನಾಲ್ಕು ತಲೆಗಳು ನಾಲ್ಕು ವರ್ಷ ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಂತೆ ಸಾಲಾಗಿಯೇ ನಿಂತಿದ್ದವು. ಗೊಂಬೆಗಳು ಒಂದರ ಕೂದಲನ್ನು ಇನ್ನೊಂದು ಬಾಚುವುದಿಲ್ಲವಲ್ಲ!

"ನಾವೆಂಥಾ ಶಾಣ್ಯಾರು ಅಕ್ಕಾರ. ನಮ್ಮವ್ವನೂ ನಮ್ಮ ತಂಗಿಗೆ ಹಿಂಗ ಹಾಕ್ತಿದ್ಲು. ದಿನಾ ನೋಡಿದ್ದು ನಮಗ ನೆನಪಿಗೇ ಬರಲಿಲ್ಲ" ಎಂದ ಅಲ್ತಾಫ್.

ತಪ್ಪು ಸಿಕ್ಕಿದ ಮೇಲೆ ತಿದ್ದುವುದು ದೊಡ್ಡದಲ್ಲ. ನಿಂತ ಗೀರುಗಳ ಮೇಲೆ ಅಡ್ಡ ಗೀರುಗಳ ಇನ್ನೊಂದು ತೆಳುವಾದ ಹಾಳೆ ಹೊದಿಸಿದರೆ ಮೇಲಿನವರಿಗೊಂದು, ಕೆಳಗಿನವರಿಗೊಂದು. ಐದು ದಿನ ಇಬ್ಬರೂ ಊಟ ನಿದ್ದೆ ಬಿಟ್ಟು ಹಾಳೆ ತಯಾರಿಸಿದರು. ಪದ್ಮಾವತಿಯ ತಲೆಯನ್ನು ಏಣಿಯ ಮೇಲಿಟ್ಟು, ಬೆಂಚಿನ ಮೇಲಿಟ್ಟು, ಇನ್ನೊಂದು ತಲೆಯ ಬೆನ್ನ ಹಿಂದಿಟ್ಟು ಅಳೆದರು. ಸೋರಿಕೆ ಒಂದಕ್ಕಿಂತ ಕಡಿಮೆ! ಹಂಪಿಹೊಳಿ ಮೇಡಂ ಕೂಡ "ಛಲೋ ಆತು" ಎಂದರು. ಅದು ಅವರ ಬಾಯಲ್ಲಿ ಯಾರೂ ಕೇಳದ ಮಾತು.

ಇಪ್ಪತ್ಮೂರನೆಯ ತಾರೀಖು, ಭಾನುವಾರ. ಬೆಳಿಗ್ಗೆ ಹಾಳೆಯನ್ನು ಮನೆಯ ಪರದೆಗೆ ಹೊದಿಸಿ ಶಶಿಕಲಾ ಸಂಜೆಗಾಗಿ ಕಾದಳು. ಆವತ್ತು ಇಂಚರಳ ದಂಡಿಗೆ ಹಾವೇರಿಯ ದಂಡಿನ ಜೊತೆ ದೊಡ್ಡ ಪಂದ್ಯವೂ ಇತ್ತು.

ಐದೂವರೆಗೆ ನೀಲವ್ವ ಎಣ್ಣೆ ಬಟ್ಟಲು ಹಿಡಿದು ಬಂದು ಕುರ್ಚಿಯಲ್ಲಿ ಕುಳಿತರು. ಮೊಮ್ಮಗಳ ಕೂದಲು ಬಿಚ್ಚಿದರು. ತಲೆ ಎತ್ತಿ ನೋಡಿದರೆ ಕೋಟೆ ಇಲ್ಲ, ತಮ್ಮ ಚೌಕಾಬಾರದ ಮನೆಗಳು. ಕುರ್ಚಿಯನ್ನು ಸ್ವಲ್ಪ ಸರಿಸಿದರು. ಚೌಕಾಬಾರ. ಎದ್ದು ನಿಂತರು. ಅಲ್ಲೂ ಚೌಕಾಬಾರ.

"ಇಂಚರಾ, ಈಗ ಎಲ್ಲಿದ್ದಾನ ವೈರಿ?"

"ಗೊತ್ತಿಲ್ಲ ಅಜ್ಜಿ, ನೀನ ನೋಡ್ ಹೇಳು!"

"ನನಗ ಕಾಣವಲ್ದವ್ವ."

ಮೂರನೆಯ ಕೋಟೆ ಹೋಯಿತು. ನಾಲ್ಕನೆಯದು ಹೋಯಿತು. ನೀಲವ್ವನ ಕೈಗಳು ಕೂದಲಲ್ಲೇ ನಿಂತುಬಿಟ್ಟಿದ್ದವು. ಪಂದ್ಯ ಸೋತ ಇಂಚರ ಅಳಲಿಲ್ಲ. ಅರ್ಧ ಹಾಕಿದ ಹೆರಳಿನಲ್ಲೇ ಎದ್ದು ಒಳಗೆ ಹೋದಳು. ಹೆರಳು ಹಾಕದೆ ಅಜ್ಜಿಯ ಮುಂದಿನಿಂದ ಅವಳು ಎದ್ದದ್ದು ಅದೇ ಮೊದಲು.

ಶಶಿಕಲಾ ಅತ್ತೆಯ ಮುಂದೆ ಕುಳಿತಳು. "ಅತ್ತಿ, ಇದು ಈಗ ಸರಿ ಆಗೇತ್ರಿ. ಮೊದಲ ಕೆಟ್ಟಿತ್ತು. ನಿಮಗ ನಿಮ್ಮ ಆಟಾನ ಕಾಣಬೇಕಲ್ರಿ?"

ನೀಲವ್ವ ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಸಿಟ್ಟಿನಲ್ಲಿ ಆಡಲಿಲ್ಲ, ಮೆತ್ತಗೇ ಹೇಳಿದರು. "ನನ್ನ ಆಟ ನಾ ಯಾವಾಗರ ಆಡ್ತೀನಿ ಶಶಿ. ಆ ಮುಕ್ಕಾಲು ತಾಸು ನಾವಿಬ್ರೂ ಒಂದ ಕಡೆ ನೋಡ್ತಿದ್ವಿ. ಅದನ್ಯಾಕ ತಗದಿ? ಯಾರದು ಯಾರಿಗೂ ಕಾಣಬಾರದು ಅಂದ್ರ ಇಷ್ಟ ದೊಡ್ಡದ್ಯಾಕ ಬೇಕವ್ವ? ಒಬ್ಬೊಬ್ರಿಗೆ ಒಂದೊಂದು ಸಣ್ಣದು ಸಾಕಾಗ್ತಿತ್ತು. ಕಣ್ಣಿಗೇ ಕಟ್ಟಿಬಿಟ್ರ ಇನ್ನೂ ಹಗೂರ."

ಕನ್ನಡಕದ ತಂಡದ ವಿಷಯ ನೀಲವ್ವನಿಗೆ ಏನೂ ಗೊತ್ತಿರಲಿಲ್ಲ. ಶಶಿಕಲಾಳಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ನಾಲ್ಕು ವರ್ಷ ಅವಳು ಕನ್ನಡಕದವರ ಆಟವನ್ನೇ ಆಡುತ್ತಿದ್ದಳು. ಒಂದು ದೊಡ್ಡ ಪರದೆಯನ್ನು ನಾಲ್ಕು ಕನ್ನಡಕ ಮಾಡುವುದಕ್ಕೆ ಹಗಲಿರುಳು ದುಡಿದಿದ್ದಳು. ಆ ಆಟದಲ್ಲಿ ಸೊನ್ನೆಯವರೇ ಗೆಲ್ಲುತ್ತಾರೆ, ಇವಳು ಎಷ್ಟು ಇಳಿಸಿದರೂ ಸೋಲುತ್ತಾಳೆ. ಗೆಲ್ಲುವ ಕಾಯಿ ಇಷ್ಟು ದಿನ ಅವಳ ಮನೆಯ ಪಡಸಾಲೆಯಲ್ಲೇ ಇತ್ತು, ಅದನ್ನು ಅವಳೇ ದೋಷವೆಂದು ಮುಚ್ಚಿಬಿಟ್ಟಿದ್ದಳು.

ಅವಳು ಎದ್ದು, ಪರದೆಯ ಮೂಲೆಗೆ ಉಗುರು ಹಾಕಿ, ಐದು ದಿನದ ದುಡಿತದ ಹಾಳೆಯನ್ನು ಸರ್ರನೆ ಸುಲಿದಳು. ಗುರುಪಾದ ಗಾಬರಿಯಾದ. "ಏ, ನಾಳೆ ಸಮಿತಿ ಐತಿ! ತಲಿ ಕೆಟ್ಟೈತೇನು?"

"ತಲಿ ಈಗ ನೆಟ್ಟಗಾತ್ರಿ. ನಾಳೆ ನೀವೆಲ್ಲಾರೂ ನನ್ನ ಕೂಡ ಬರ್ರಿ. ಅತ್ತಿ, ಎಣ್ಣಿ ಬಟ್ಟಲಾನೂ ತರ್ರಿ."

ಮರುದಿನ ಹನ್ನೊಂದು ಗಂಟೆಗೆ ಆಯ್ಕೆ ಸಮಿತಿಯ ಮೂವರು ಹಿರಿಯರು ಮೊದಲು ಎರಡನೆಯ ಕೋಣೆಗೆ ಹೋದರು. ಕನ್ನಡಕ ಕಟ್ಟಿಕೊಂಡು ಕುಳಿತರು. ಅರ್ಧ ಗಂಟೆ ಅಲ್ಲಿ ಯಾರೂ ಪಿಟಕ್ಕೆನ್ನಲಿಲ್ಲ. ಹೊರಗೆ ಬಂದವರು "ಅದ್ಭುತ ಅದ, ಏನೂ ಕುಂದಿಲ್ಲ" ಎಂದರು. ಅಲ್ತಾಫನ ಮುಖ ಬಾಡಿತು.

ಮೂರನೆಯ ಕೋಣೆಯಲ್ಲಿ ಗೊಂಬೆಗಳ ಕಂಬಗಳನ್ನು ಶಶಿಕಲಾ ಗೋಡೆಗೆ ಸರಿಸಿದ್ದಳು. ನೆಲದ ಮೇಲೆ ಜಮಖಾನೆ. ಇಂಚರ ಆಟಕ್ಕೆ ಕುಳಿತಿದ್ದಳು. ಸೋತ ಪಂದ್ಯದ ಸೇಡಿಗೆ ಹಾವೇರಿಯ ಹುಡುಗಿಯರನ್ನೇ ಕರೆದಿದ್ದಳು, ಬೇಸಿಗೆಯ ರಜೆಯಾದ್ದರಿಂದ ಅವರೂ ಬಂದಿದ್ದರು. ಹಿಂದೆ ಕುರ್ಚಿಯಲ್ಲಿ ನೀಲವ್ವ. ಪಕ್ಕಕ್ಕೆ ಗುರುಪಾದ, ಕಾರ್ಡಿನ ಪುಟಗಳ ಮುಂದೆ.

"ಸೋರಿಕೆ ಎಷ್ಟು?" ಸಮಿತಿಯ ಹಿರಿಯರಲ್ಲೊಬ್ಬರು ಕಾಗದ ತೆಗೆದು ಕೇಳಿದರು.

"ನೂರಕ್ಕ ಇಪ್ಪತ್ತೆಂಟು" ಎಂದಳು ಶಶಿಕಲಾ.

ಹಂಪಿಹೊಳಿ ಮೇಡಂ ಚಟ್ಟನೆ ತಿರುಗಿದರು. "ಒಂದಕ್ಕಿಂತ ಕಡಿಮಿ ಅಂದಿದ್ರಿ?"

"ಅಂದಿದ್ದೆ. ಆ ಹಾಳೆ ತಗದೆ ಮೇಡಂ. ಬೇಕಂದ್ರ ಮೇಜಿನ ಮ್ಯಾಲೆ ಐತಿ, ಈಗ ಹೊದಿಸಿದ್ರೂ ಆಗ್ತೈತಿ. ಮೊದಲ ಹತ್ತು ನಿಮಿಷ ಹಿಂಗ ಕುಂತು ನೋಡ್ರಿ. ಆಮ್ಯಾಲೆ ನೀವು ಹೇಳಿದಂಗ."

ಗುರುಪಾದ ತನ್ನ ಜಾಗ ಬಿಟ್ಟುಕೊಟ್ಟ; ಶಶಿಕಲಾ ಹಿರಿಯರಲ್ಲೊಬ್ಬರಿಗೆ ಕ್ರಿಕೆಟ್ ಹಾಕಿಕೊಟ್ಟಳು, ಇನ್ನೊಬ್ಬರಿಗೆ ಸುದ್ದಿ. ಮೂರನೆಯವರಿಗೆ ಸಂಗೀತ ಕಛೇರಿ. ಎರಡು ನಿಮಿಷ ಎಲ್ಲರೂ ತಮ್ಮ ತಮ್ಮದು ನೋಡಿದರು. ಆಮೇಲೆ ಮನುಷ್ಯ ಸ್ವಭಾವ ತನ್ನ ಕೆಲಸ ಶುರು ಮಾಡಿತು. ಬಸ್ಸಿನಲ್ಲಿ ಕೈಯಲ್ಲಿ ಪೇಪರಿದ್ದರೂ ಪಕ್ಕದವರ ಪೇಪರಿಗೆ ಕಣ್ಣು ಹೋಗುವ ಜನ ನಾವು. ಸುದ್ದಿಯ ಹಿರಿಯರು ಮೆಲ್ಲಗೆ ಗೇಣಗಲ ಸರಿದರು. ಕ್ರಿಕೆಟ್ ಮಸುಕಾಗಿ ಕಂಡಿತು. ಇನ್ನೊಂದು ಗೇಣು ಸರಿದರು. ಸಂಗೀತದವರು ಎದ್ದು ನೇರವಾಗಿ ಕ್ರಿಕೆಟ್ಟಿನವರ ಬೆನ್ನ ಹಿಂದೆ ಹೋಗಿ ನಿಂತು, "ಎಷ್ಟಾತ್ರಿ ಸ್ಕೋರು?" ಎಂದರು.

ಅಷ್ಟರಲ್ಲಿ ಜಮಖಾನೆಯ ಮೇಲೆ ಕಾಳಗ ರಂಗೇರಿತ್ತು. "ಬಲಕ್ಕ! ಬಾವಿ ಹತ್ರ! ಇನ್ನೊಬ್ಬಾಕಿ ಬಂದ್ಲು!" ಎಂದು ನೀಲವ್ವ ಹೆರಳು ಎಳೆದೆಳೆದು ದಾರಿ ತೋರುತ್ತಿದ್ದರು. ಎಡ ಹೆರಳು ಎಳೆದರೆ ಎಡಕ್ಕೆ, ಬಲ ಹೆರಳು ಎಳೆದರೆ ಬಲಕ್ಕೆ. ಆರು ಕೋಟೆ ಗೆದ್ದಾಯಿತು, ಉಳಿದದ್ದು ಒಂದು.

"ಎಲ್ಲಿ ಅಡಗ್ಯಾರ ಅಜ್ಜಿ? ಕಾಣವಲ್ರು!"

ನೀಲವ್ವನಿಗೂ ಕಾಣಲಿಲ್ಲ. ಆಗ ನೀಲವ್ವನ ಕುರ್ಚಿಯ ಹಿಂದಿನಿಂದ, ಯಾರೂ ನೋಡದಿದ್ದಾಗ ಅಲ್ಲಿಗೆ ಬಂದು ನಿಂತಿದ್ದ ಒಂದು ದನಿ ಸೂರು ಹಾರಿಹೋಗುವಂತೆ ಕಿರುಚಿತು.

"ಮ್ಯಾಲೆ ನೋಡವಾ! ಗಿಡದ ಮ್ಯಾಲೆ ಕೂತಾಳ! ಹೊಡಿ, ಹೊಡಿ!"

ಡಾ. ಮೇಧಾ ಹಂಪಿಹೊಳಿ. ಕೈ ಮುಷ್ಟಿ ಕಟ್ಟಿಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿ, ತುದಿಗಾಲಿನ ಮೇಲೆ.

ಇಂಚರ ಹೊಡೆದಳು. ಏಳನೆಯ ಕೋಟೆ ಬಿತ್ತು. "ಹಣ್ಣಾತು!" ಎಂದು ನೀಲವ್ವ ಚಪ್ಪಾಳೆ ತಟ್ಟಿದರು. ಎಣ್ಣೆಯ ಬಟ್ಟಲು ಉರುಳಿತು, ಕ್ರಿಕೆಟ್ಟಿನ ಹಿರಿಯರು ಯಾರು ಔಟಾದರೆಂದು ಕೇಳಿದರು, ಮೂರನೆಯ ಕೋಣೆ ಬಿದ್ದು ಬಿದ್ದು ನಕ್ಕಿತು. ನಿರ್ದೇಶಕಿ ಕನ್ನಡಕ ಮೇಲೇರಿಸಿಕೊಂಡು, ಸೆರಗು ಸರಿಮಾಡಿಕೊಂಡು, ಮೊದಲಿನ ಮುಖವನ್ನು ತಂದುಕೊಳ್ಳಲು ನೋಡಿದರು. ಆಗಲಿಲ್ಲ, ಅವರೂ ನಕ್ಕುಬಿಟ್ಟರು.

ನಗು ತಗ್ಗಿದ ಮೇಲೆ ಶಶಿಕಲಾ ಒಂದೇ ಮಾತು ಹೇಳಿದಳು. "ಮೇಡಂ, ಕನ್ನಡಕದ ಕೋಣೆದಾಗ ಯಾರೂ ನಗಲಿಲ್ಲರಿ."

ಕಾಗದ ಹಿಡಿದಿದ್ದ ಹಿರಿಯರು ಸೋರಿಕೆ ಎಂಬ ಪದದ ಎದುರಿಗೆ ತಾವು ಬರೆದಿದ್ದ ಇಪ್ಪತ್ತೆಂಟನ್ನು ಬೆರಳಿಟ್ಟು ತೋರಿಸಿದರು. "ಇದು ಕಡಿಮಿ ಇರಬೇಕೋ ಹೆಚ್ಚಿರಬೇಕೋ ನನಗ ಈಗ ತಿಳೀವಲ್ದು" ಎಂದರು.

"ಅದನ್ನ ಮನೀಯವ್ರೇ ಹೇಳಲಿ. ಒಂದು ತಿರುಪು ಇಡ್ರಿ. ಬೇಕಾದವ್ರು ಬೇಕಾದಷ್ಟು ಸೋರಿಸ್ಕೊಳ್ಳಿ" ಎಂದರು ಹಂಪಿಹೊಳಿ ಮೇಡಂ.

ಮೂರನೆಯ ಕೋಣೆಗೆ ಬೀಗ ಬೀಳಲಿಲ್ಲ. ತಿರುಪು ಬಂತು. ಒಂದು ಕಡೆ ಪೂರ್ತಿ ತಿರುಗಿಸಿದರೆ ಪರೀಕ್ಷೆಗೆ ಓದುವವರಿಗೆ ಬೇಕಾದ ಸೊನ್ನೆ, ಇನ್ನೊಂದು ಕಡೆ ತಿರುಗಿಸಿದರೆ ಎಲ್ಲರಿಗೂ ಒಂದೇ ಚಿತ್ರ, ನಡುವೆ ಅವರವರ ಮನೆಯ ಹದ. ಪ್ರಯೋಗಾಲಯದವರು ಅದಕ್ಕೆ ನೀಲವ್ವನ ತಿರುಪು ಎಂದೇ ಕರೆದರು. ವರ್ಷ ತಿರುಗುವುದರಲ್ಲಿ ಹುಬ್ಬಳ್ಳಿಯ ಅಂಗಡಿಗಳಲ್ಲಿ ಮಾನಿಟರು ಕೊಳ್ಳಲು ಬಂದವರು ಎಷ್ಟು ಇಂಚು ಎಂದು ಕೇಳುವ ಮೊದಲು, "ಎಷ್ಟು ಸೋರ್ತೈತ್ರಿ?" ಎಂದು ಕೇಳುವ ಹಾಗಾಯಿತು. ಸೋರುವ ಮಾಲನ್ನು ಹೊಗಳಿ ಮಾರುವುದು ಹೇಗೆಂದು ತಿಳಿಯದೆ ಅಂಗಡಿಯವರು ಮೊದಮೊದಲು ಕಕ್ಕಾಬಿಕ್ಕಿಯಾದರು.

ಮುಳಗುಂದದವರ ಮನೆಯಲ್ಲಿ ಮಾತ್ರ ರಟ್ಟುಗಳು ಇನ್ನೂ ಗೋಡೆಯ ಮೇಲೇ ಇದ್ದವು. ಪ್ರಯೋಗದ ಪರದೆ ವಾಪಸು ಹೋಗಿತ್ತು, ಸ್ವಂತದ್ದನ್ನು ಆರಿಸಬೇಕಿತ್ತು. ಇಂಚರ ನಲವತ್ತೊಂಬತ್ತೇ ಎಂದಳು. ಗುರುಪಾದನಿಗೂ ನಾಲ್ಕು ಪುಟದ ರುಚಿ ಹತ್ತಿತ್ತು.

"ಅತ್ತಿ, ನೀವು ಹೇಳ್ರಿ. ಎಷ್ಟು ದೊಡ್ಡದಿರಲಿ?" ಎಂದು ಕೇಳಿದಳು ಶಶಿಕಲಾ.

ನೀಲವ್ವ ಇಂಚರಳನ್ನು ನಲವತ್ತೊಂಬತ್ತರ ರಟ್ಟಿನ ಮುಂದೆ ಅವಳ ಜಾಗದಲ್ಲಿ ಕೂರಿಸಿ, ತಮ್ಮ ಜಾಗದಲ್ಲಿ ತಾವು ಕುಳಿತು, ಕೈ ಚಾಚಿದರು. ಪರದೆ ಅಗಲವಾದಷ್ಟೂ ಜಾಗಗಳು ದೂರ ದೂರ; ಬೆರಳಿನ ತುದಿ ಗಾಳಿಯಲ್ಲೇ ನಿಂತಿತು. ಮೂವತ್ತೆರಡರ ಮುಂದೆ ಕೂರಿಸಿದರು. ನಾಲ್ವರ ಮೊಣಕಾಲು ಒಂದಕ್ಕೊಂದು ತಾಗಿದವು. ನೀಲವ್ವ ಕುಳಿತಲ್ಲಿಂದಲೇ ಕೈ ಚಾಚಿ ಮೊಮ್ಮಗಳ ಹೆರಳು ಹಿಡಿದು, ಮೆಲ್ಲಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದು ನೋಡಿದರು.

"ಇಂಚು ಗಿಂಚು ನನಗ ತಿಳಿಯಂಗಿಲ್ಲ. ಈಕಿ ಹೆರಳು ನನ್ನ ಕೈಗೆ ಸಿಗಬೇಕು. ಅಷ್ಟ ದೊಡ್ಡದು ತರ್ರಿ."